ಫೋನಿನಲ್ಲಿ ಕಂಡ ಮೇಲ್ ಹತ್ತು ನಿಮಿಷಕ್ಕೆ ಮಾಯ: ಪಾಪ್ ಬಿಟ್ಟು ಐಮ್ಯಾಪ್‌ಗೆ ಹೋಗಬೇಕಾ?

ಚಾಮರಾಜಪೇಟೆ ಪ್ರೆಸ್ | ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಚಾಮರಾಜಪೇಟೆಯಲ್ಲಿ ನಮ್ಮದೊಂದು ಸಣ್ಣ ಆಫ್‌ಸೆಟ್ ಪ್ರೆಸ್ ಇದೆ. ನಾನು ಮತ್ತು ನಮ್ಮ ಭಾವ ನೋಡಿಕೊಳ್ಳುತ್ತೇವೆ. ಲಗ್ನಪತ್ರಿಕೆ, ಬಿಲ್ ಬುಕ್, ಶಾಲೆ ಡೈರಿ, ಇಂಥ ಕೆಲಸ. ಅಂಗಡಿ ಹೆಸರಿನಲ್ಲೇ ಡೊಮೇನ್ ಇದೆ. ಗಿರಾಕಿಗಳು ಡಿಸೈನ್, ಕರೆಕ್ಷನ್ ಎಲ್ಲಾ ಅದರ ಮೇಲ್ ಐಡಿಗೇ ಕಳಿಸುತ್ತಾರೆ.

ಅಂಗಡಿ ಕಂಪ್ಯೂಟರಿನಲ್ಲಿ ಮೇಲ್ ನೋಡಲು ಔಟ್‌ಲುಕ್ ಇದೆ. ಎಂಟು ವರ್ಷದ ಹಿಂದೆ ಒಬ್ಬ ಹುಡುಗ ಬಂದು ಹಾಕಿಕೊಟ್ಟಿದ್ದ, ಈಗ ಅವನು ಬೆಂಗಳೂರಿನಲ್ಲಿಲ್ಲ. ಹೋದ ತಿಂಗಳು ನನ್ನ ಫೋನಿಗೂ ಅದೇ ಐಡಿ ಹಾಕಿಕೊಂಡೆ. ತೊಂದರೆ ಅಲ್ಲಿಂದ ಶುರು. ಫೋನಿನಲ್ಲಿ ಟಿಂಗ್ ಅನ್ನುತ್ತದೆ, ಯಾರ ಮೇಲ್ ಅಂತ ಕಾಣುತ್ತದೆ. ಸ್ವಲ್ಪ ಹೊತ್ತು ಬಿಟ್ಟು ತೆರೆಯೋಣ ಅಂದರೆ ಆ ಮೇಲೇ ಇರುವುದಿಲ್ಲ.

ಕಳೆದ ಗುರುವಾರ ಕಾರ್ಡ್ ತರಲು ಸುಲ್ತಾನ್‌ಪೇಟೆಗೆ ಹೋಗಿದ್ದೆ. ಗಾಡಿ ಓಡಿಸುವಾಗ ಒಂದು ಮೇಲ್ ಬಂತು, ತಲೆಬರಹ 'ಸಣ್ಣ ತಿದ್ದುಪಡಿ' ಅಂತ. ಅಂಗಡಿ ಮುಂದೆ ಗಾಡಿ ನಿಲ್ಲಿಸಿ ನೋಡಿದರೆ ಇಲ್ಲ. ಕಳಿಸಿದವರೇ ವಾಪಸ್ ತೆಗೆದುಕೊಂಡಿರಬೇಕು ಅಂದುಕೊಂಡೆ. ನಿಜ ಏನೆಂದರೆ, ಮುಹೂರ್ತ 10:15 ಅಲ್ಲ, 9:15 ಅಂತ ಹುಡುಗಿಯ ತಂದೆ ಬರೆದಿದ್ದರು. ಮೇಲ್ ಅಂಗಡಿ ಕಂಪ್ಯೂಟರಿನಲ್ಲಿ ಬಂದು ಕುಳಿತಿತ್ತು. ಭಾವ ಮೆಷಿನ್ ಹತ್ತಿರ ಇದ್ದರು, ಪ್ಲೇಟ್ ಆಗಲೇ ಹಾಕಿ ಆಗಿತ್ತು. 400 ಕಾರ್ಡ್ ಮುದ್ರಣ ಆದಮೇಲೆ ಗೊತ್ತಾಯಿತು. ಕಾರ್ಡ್ ನಮ್ಮ ಖರ್ಚಿನಲ್ಲೇ ಮತ್ತೆ ಹಾಕಿಕೊಟ್ಟೆವು. ದುಡ್ಡು ಹೋದದ್ದಕ್ಕಿಂತ ಆ ಯಜಮಾನರ ಮುಖ ನೋಡುವುದು ಕಷ್ಟವಾಯಿತು.

ನಮ್ಮ ಡೊಮೇನಿನ ಮೇಲ್ ನಡೆಸುವ ಹೋಸ್ಟಿಂಗ್ ಕಂಪನಿಗೆ ಫೋನ್ ಮಾಡಿದೆ. 'ನಿಮ್ಮದು ಪಾಪ್ ಇದೆ, ಐಮ್ಯಾಪ್ ಮಾಡಿಕೊಳ್ಳಿ' ಅಂದು ಇಟ್ಟುಬಿಟ್ಟರು. ಎರಡಕ್ಕೂ ಏನು ವ್ಯತ್ಯಾಸ? ಬದಲಾಯಿಸಿದರೆ ಎಂಟು ವರ್ಷದ ಹಳೇ ಮೇಲ್ ಹೋಗಿಬಿಡುತ್ತಾ? ಔಟ್‌ಲುಕ್ ಫೈಲ್ 9 ಜಿಬಿ ಇದೆ. ತಿಳಿದವರು ದಯವಿಟ್ಟು ಹೇಳಿ.


ಸರ್ವರ್ ರೂಮ್ | ಭಾನುವಾರ, ರಾತ್ರಿ 10:25

ಸರ್, ಮೊದಲ ಕೆಲಸ: ಔಟ್‌ಲುಕ್‌ನಿಂದ ಆ ಖಾತೆ ತೆಗೆಯಬೇಡಿ. ಏನೂ ಅಳಿಸಬೇಡಿ. ಮಿಕ್ಕದ್ದು ನಿಧಾನಕ್ಕೆ ಮಾಡಬಹುದು.

ನಿಮ್ಮ ಮೇಲ್ ಮಾಯವಾಗುವುದು ಯಾಕೆ ಅಂದರೆ, ಅಂಗಡಿಯ ಔಟ್‌ಲುಕ್ ಅದನ್ನು ಎತ್ತಿಕೊಂಡು ಹೋಗುತ್ತಿದೆ. ಪಾಪ್, ಐಮ್ಯಾಪ್ ಎರಡೂ ಹೋಸ್ಟಿಂಗ್ ಕಂಪನಿಯ ಕಂಪ್ಯೂಟರಿಗೆ, ಅಂದರೆ ಸರ್ವರಿಗೆ, ಬಂದ ಮೇಲ್ ನೋಡುವ ವಿಧಾನಗಳು. ಹೀಗೆ ಎತ್ತಿಕೊಂಡು ಹೋಗುವುದೇ ಪಾಪ್ ಕೆಲಸ ಮಾಡುವ ರೀತಿ. ಅಂಚೆ ಕಚೇರಿಯಲ್ಲಿ ಪೋಸ್ಟ್ ಬಾಕ್ಸ್ ಬಾಡಿಗೆಗೆ ತೆಗೆದುಕೊಂಡಿದ್ದೀರಿ ಅಂದುಕೊಳ್ಳಿ. ಅಂಗಡಿ ಹುಡುಗ ಹತ್ತು ನಿಮಿಷಕ್ಕೊಮ್ಮೆ ಹೋಗಿ ಇದ್ದಬದ್ದ ಕಾಗದವನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಬರುತ್ತಾನೆ. ಅವನು ಹೋಗಿ ಬಂದಮೇಲೆ ನೀವು ಹೋಗಿ ಪೆಟ್ಟಿಗೆ ತೆರೆದರೆ ಖಾಲಿ. ಅವನು ಬರುವ ಮೊದಲು ನೀವು ಹೋದರೆ ಕಾಗದ ಕಾಣುತ್ತದೆ. ನಿಮ್ಮ ಫೋನಿನಲ್ಲಿ ಆಗುತ್ತಿರುವುದು ಇಷ್ಟೇ.

ಐಮ್ಯಾಪ್‌ನಲ್ಲಿ ಕಾಗದ ಅಂಚೆ ಕಚೇರಿಯಲ್ಲೇ ಇರುತ್ತದೆ. ನೀವು, ಭಾವ, ಮನೆಯ ಲ್ಯಾಪ್‌ಟಾಪ್, ಎಲ್ಲರೂ ಅಲ್ಲಿಗೇ ಹೋಗಿ ಓದುತ್ತೀರಿ. ಯಾರಾದರೂ ಓದಿದರೆ 'ಓದಿದೆ' ಅಂತ ಅಲ್ಲೇ ಗುರುತು ಬೀಳುತ್ತದೆ. ಫೋಲ್ಡರ್ ಮಾಡಿದರೆ ಅದೂ ಅಲ್ಲೇ. ನಿಮ್ಮ ಯಂತ್ರದಲ್ಲಿ ಇರುವುದು ನೋಡಲು ಅಂತ ಇಟ್ಟುಕೊಂಡ ಪ್ರತಿ ಮಾತ್ರ.

ಹಾಗಾಗಿ 'ಪಾಪ್ ಹಳೇದು, ಐಮ್ಯಾಪ್ ಹೊಸದು' ಅನ್ನುವ ಮಾತಿಗೆ ಹೋಗಬೇಡಿ. ಕೇಳಿಕೊಳ್ಳಬೇಕಾದ್ದು ಒಂದೇ: ಅಸಲು ಪ್ರತಿ ಎಲ್ಲಿ ಇರಬೇಕು? ಅಂಗಡಿ ಕಂಪ್ಯೂಟರಿನಲ್ಲೋ, ಸರ್ವರಿನಲ್ಲೋ? ಇದನ್ನು ತೀರ್ಮಾನ ಮಾಡಿದರೆ ಮಿಕ್ಕ ಸೆಟಿಂಗ್ ತಾನಾಗಿ ಬರುತ್ತದೆ.

ಇವತ್ತೇ ಮಾಡಬೇಕಾದ್ದು: ಔಟ್‌ಲುಕ್ ಖಾತೆಯ ಸೆಟಿಂಗ್ಸ್‌ಗೆ ಹೋಗಿ. 'ಸರ್ವರಿನಲ್ಲಿ ಒಂದು ಪ್ರತಿ ಉಳಿಸು' ಅನ್ನುವ ಆಯ್ಕೆ ಇರುತ್ತದೆ. ಅದಕ್ಕೆ ಟಿಕ್ ಹಾಕಿ. ಅದರ ಕೆಳಗೆ 'ಇಷ್ಟು ದಿನ ಆದಮೇಲೆ ತೆಗೆ' ಅಂತ ಇನ್ನೊಂದು ಇರುತ್ತದೆ. ಅದರ ಟಿಕ್ ತೆಗೆಯಿರಿ. ನಾಳೆಯಿಂದ ಬರುವ ಮೇಲ್ ಫೋನಿನಲ್ಲೂ ಉಳಿಯುತ್ತದೆ.


ರಾಜಾಜಿನಗರ ಆಡಿಟ್ | ಭಾನುವಾರ, ರಾತ್ರಿ 11:10

ಸರ್ವರ್ ರೂಮ್ ಅವರು ಹೇಳಿದ್ದು ಸರಿ. ಆದರೆ ಪಾಪ್ ಪರವಾಗಿ ನಾನೂ ಎರಡು ಮಾತು ಹೇಳಲೇಬೇಕು. ನಾನು 19 ವರ್ಷದಿಂದ ಪಾಪ್‌ನಲ್ಲೇ ಇದ್ದೇನೆ.

2016ರಲ್ಲಿ ನಮ್ಮ ಹೋಸ್ಟಿಂಗ್ ಕಂಪನಿಯವರು ಒಂದು ರಾತ್ರಿ ಸರ್ವರ್ ಬದಲಾಯಿಸಿದರು. ಬೆಳಗ್ಗೆ ನೋಡಿದರೆ ನಮ್ಮ ಆಫೀಸಿನ ಏಳು ಜನರ ಪೆಟ್ಟಿಗೆ ಖಾಲಿ. ಬ್ಯಾಕಪ್ ಕೇಳಿದರೆ ಹತ್ತು ದಿನ ಹಳೆಯದು ಕೊಟ್ಟರು. ನಮ್ಮಲ್ಲಿ ಐಮ್ಯಾಪ್ ಹಾಕಿಕೊಂಡಿದ್ದವರ ಹತ್ತು ದಿನದ ಮೇಲ್ ಹೋಯಿತು, ಯಾಕೆಂದರೆ ಸರ್ವರಿನಲ್ಲಿ ಇಲ್ಲ ಅಂದಮೇಲೆ ಅವರ ಯಂತ್ರವೂ ತನ್ನ ಪ್ರತಿಯನ್ನು ಅಳಿಸಿಹಾಕಿತು. ನನ್ನ ಪಾಪ್ ಖಾತೆಯಲ್ಲಿ ಒಂದೂ ಹೋಗಲಿಲ್ಲ. ಸೆಪ್ಟೆಂಬರ್ ತಿಂಗಳು, ಆಡಿಟ್ ಗಡುವು ತಲೆಮೇಲೆ ಇತ್ತು. ಆ ಹತ್ತು ದಿನದ ಕಾಗದಪತ್ರ ನನ್ನ ಕಂಪ್ಯೂಟರಿನಿಂದಲೇ ಎಲ್ಲರಿಗೂ ಹೋಯಿತು.

ಇನ್ನೊಬ್ಬರ ಸರ್ವರಿನಲ್ಲಿ ಅಸಲು ಇಡುತ್ತೀರಿ ಅಂದರೆ ಅವರನ್ನು ನಂಬಿದ್ದೀರಿ ಅಂತ ಅರ್ಥ. ನಂಬುವ ಮೊದಲು ಯೋಚನೆ ಮಾಡಿ ಅನ್ನುವುದಷ್ಟೇ ನನ್ನ ಮಾತು.


ಹಳೇ ಮೋಡೆಮ್ | ಸೋಮವಾರ, ಬೆಳಗ್ಗೆ 6:15

ಪಾಪ್ ಯಾಕೆ ಹಾಗಿದೆ ಅಂತ ನನ್ನಂಥ ಹಳಬರು ಹೇಳಿದರೆ ಚೆಂದ. ನಾನು ದೂರವಾಣಿ ಕೆಲಸದಲ್ಲಿದ್ದು ನಿವೃತ್ತಿಯಾದವನು, ಈಗ ಜಯನಗರದಲ್ಲಿದ್ದೇನೆ.

ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ಕ್ಕೆ, ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮೂಲಕ. ಮೋಡೆಮ್ ಕಿರ್ರ್ ಅನ್ನಬೇಕು, ಲೈನ್ ಸಿಗಬೇಕು. ಲೈನ್ ಸಿಕ್ಕರೆ ಮನೆಯ ಫೋನ್ ಎಂಗೇಜ್. ಎಷ್ಟು ಹೊತ್ತು ಲೈನ್‌ನಲ್ಲಿ ಇರುತ್ತೀರೋ ಅಷ್ಟು ಬಿಲ್. ಅಂಥಾ ಕಾಲದಲ್ಲಿ ಯಾರಾದರೂ ಸರ್ವರಿನಲ್ಲೇ ಕುಳಿತು ಮೇಲ್ ಓದುತ್ತಾರಾ? ಲೈನ್ ಹಿಡಿ, ಮೇಲ್ ಇಳಿಸಿಕೊ, ಲೈನ್ ಕಡಿ, ಆಮೇಲೆ ಕಾಫಿ ಕುಡಿಯುತ್ತಾ ಓದು. ಉತ್ತರ ಬರೆದು ಔಟ್‌ಬಾಕ್ಸ್‌ನಲ್ಲಿ ಇಡು. ರಾತ್ರಿ ಮತ್ತೊಮ್ಮೆ ಲೈನ್ ಹಿಡಿದು ಕಳಿಸು. ಪಾಪ್ ಈ ಬದುಕಿಗೆ ಹೇಳಿ ಮಾಡಿಸಿದ ಹಾಗಿತ್ತು. ಸರ್ವರಿನಲ್ಲೂ ಜಾಗ ಕಡಿಮೆ. ಆಗಿನ ಹಾಟ್‌ಮೇಲ್ ಕೊಡುತ್ತಿದ್ದದ್ದು 2 ಎಂಬಿ. ಇಳಿಸಿಕೊಂಡು ಅಳಿಸದಿದ್ದರೆ ಹೊಸ ಮೇಲ್ ವಾಪಸ್ ಹೋಗುತ್ತಿತ್ತು.

ಪಾಪ್‌ನ ಮೊದಲ ಆವೃತ್ತಿ 1984ರದ್ದು. ಈಗ ಬಳಸುವ ಪಾಪ್3 1988ರಲ್ಲಿ ಬಂತು, ಈಗಿನ ನಿಯಮಗಳು 1996ರವು, ಆರ್‌ಎಫ್‌ಸಿ ಅನ್ನುವ ಇಂಟರ್ನೆಟ್ ನಿಯಮದ ದಾಖಲೆಗಳಲ್ಲಿ 1939ನೇ ಸಂಖ್ಯೆಯದು. ಸರ್ವರಿನಲ್ಲಿ ಮೇಲ್ ಇಟ್ಟುಕೊಂಡು ಹೆಚ್ಚಿನ ಕೆಲಸ ಮಾಡಲು ಇದು ಅಲ್ಲ ಅಂತ ಆ ದಾಖಲೆಯಲ್ಲೇ ಹೇಳಿದ್ದಾರೆ. ಕೊರತೆ ಅಲ್ಲ ಅದು, ಬೇಕೆಂದೇ ಚಿಕ್ಕದಾಗಿ ಇಟ್ಟದ್ದು.

ಆದರೆ ಐಮ್ಯಾಪ್ ಕೂಡಾ ನಿನ್ನೆ ಮೊನ್ನೆಯದಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಕ್ರಿಸ್ಪಿನ್ ಅನ್ನುವವರು 1986ರಲ್ಲೇ ಶುರು ಮಾಡಿದ್ದರು. ನಮ್ಮಲ್ಲಿ ಅದು ನಿಲ್ಲಲು ಯಾವಾಗಲೂ ಇರುವ ಲೈನ್ ಬೇಕಿತ್ತು, ಸರ್ವರಿನಲ್ಲಿ ಜಾಗ ಬೇಕಿತ್ತು. ಬ್ರಾಡ್‌ಬ್ಯಾಂಡ್ ಬಂತು. 2004ರ ಏಪ್ರಿಲ್ 1ಕ್ಕೆ ಜಿಮೇಲ್ 1 ಜಿಬಿ ಕೊಡುತ್ತೇವೆ ಅಂದಾಗ ಜನ ಏಪ್ರಿಲ್ ಫೂಲ್ ಅಂದುಕೊಂಡರು. ಅಲ್ಲಿಂದ ಮೇಲೆ ಅಳಿಸುವ ಅಭ್ಯಾಸವೇ ಹೋಯಿತು.


ಯಲಹಂಕ ಕ್ಯಾಂಪಸ್ | ಸೋಮವಾರ, ಬೆಳಗ್ಗೆ 8:50

ಅಂಕಲ್, ತುಂಬಾ ಚೆನ್ನಾಗಿ ಹೇಳಿದಿರಿ. ನಾನು ಇಂಜಿನಿಯರಿಂಗ್ ಮೂರನೇ ವರ್ಷ. ನೆಟ್‌ವರ್ಕ್ ಲ್ಯಾಬ್‌ನಲ್ಲಿ ಎರಡನ್ನೂ ಕೈಯಲ್ಲೇ ಟೈಪ್ ಮಾಡಿ ನೋಡಿದ್ದೆ. ಆಗಲೇ ನನಗೆ ಅರ್ಥ ಆದದ್ದು, ಅದಕ್ಕೇ ಬರೆಯುತ್ತಿದ್ದೇನೆ.

ಪಾಪ್ ಸರ್ವರಿಗೆ ಸೇರಿಕೊಂಡು ಹೆಸರು, ಪಾಸ್‌ವರ್ಡ್ ಕೊಟ್ಟೆ. ಆಮೇಲೆ 'ಸ್ಟ್ಯಾಟ್' ಅಂದೆ. '+ಓಕೆ 3 24981120' ಅಂತ ಉತ್ತರ ಬಂತು. ಮೂರು ಮೇಲ್ ಇವೆ, ಒಟ್ಟು ಇಷ್ಟು ಬೈಟ್ ಅಂತ. 'ಲಿಸ್ಟ್' ಅಂದರೆ ಒಂದೊಂದರ ತೂಕ ಹೇಳುತ್ತದೆ. 'ರೆಟ್ರ್ 2' ಅಂದರೆ ಎರಡನೇ ಮೇಲ್ ಪೂರ್ತಿ ಸುರಿಯುತ್ತದೆ, ಅಟ್ಯಾಚ್‌ಮೆಂಟ್ ಸಮೇತ. 'ಟಾಪ್' ಅಂತ ಒಂದಿದೆ, ಅದು ತಲೆಬರಹ ಮತ್ತು ಮೇಲಿನ ಕೆಲವು ಸಾಲು ಮಾತ್ರ ಕೊಡುತ್ತದೆ. ಆದರೆ ಮೇಲ್‌ನ ಮಾತು ಇಲ್ಲಿ, ಪಿಡಿಎಫ್ ಅಲ್ಲಿ ಅಂತ ಬಿಡಿಸಿ ಕೊಡಲು ಪಾಪ್‌ಗೆ ಬರುವುದಿಲ್ಲ.

'ಡೆಲೆ 2' ಅಂದರೆ ಅಳಿಸು ಅಂತ. ಆದರೆ ಆ ಕ್ಷಣಕ್ಕೆ ಅಳಿಯುವುದಿಲ್ಲ! ಗುರುತು ಮಾತ್ರ ಹಾಕುತ್ತದೆ. ಕೊನೆಗೆ 'ಕ್ವಿಟ್' ಅಂದು ಮರ್ಯಾದೆಯಾಗಿ ಹೊರಟರೆ ಮಾತ್ರ ಅಳಿಸುತ್ತದೆ. ಮಧ್ಯದಲ್ಲಿ ಲೈನ್ ಕಡಿದರೆ ಎಲ್ಲ ಮೇಲ್ ಹಾಗೇ ಇರುತ್ತವೆ. ನೆಟ್ ಹೋದರೆ ಮೇಲ್ ಕಳೆಯಬಾರದು ಅಂತ ಯೋಚಿಸಿ ಮಾಡಿದ್ದಾರೆ.

ಐಮ್ಯಾಪ್‌ನಲ್ಲಿ ಮಾತುಕತೆಯೇ ಬೇರೆ. ಪ್ರತಿ ಸಾಲಿನ ಮುಂದೆ 'ಎ1', 'ಎ2' ಅಂತ ನಾವೇ ಒಂದು ಚೀಟಿ ಅಂಟಿಸಬೇಕು. ಉತ್ತರ ಬರುವಾಗ ಅದೇ ಚೀಟಿ ಹೊತ್ತು ಬರುತ್ತದೆ. ಹಾಗಾಗಿ ಒಂದಕ್ಕೆ ಉತ್ತರ ಬರುವ ಮೊದಲೇ ಇನ್ನೊಂದು ಕೇಳಬಹುದು. 'ಸೆಲೆಕ್ಟ್ ಇನ್‌ಬಾಕ್ಸ್' ಅಂದೆ. 212 ಮೇಲ್ ಇವೆ ಅಂತ ಬಂತು. ಒಂದು ಮೇಲ್‌ನ ಆಕಾರ ಮಾತ್ರ ಕೇಳಬಹುದು: ಮಾತು 2 ಕೆಬಿ, ಚಿತ್ರ 6 ಎಂಬಿ, ಪಿಡಿಎಫ್ 18 ಎಂಬಿ ಅಂತ ಪಟ್ಟಿ ಬರುತ್ತದೆ. ಅದರಲ್ಲಿ ಮಾತಿನ ಭಾಗ ಮಾತ್ರ ಕೊಡು ಅಂದರೆ 2 ಕೆಬಿ ಮಾತ್ರ ಬರುತ್ತದೆ. ಪ್ರೆಸ್ ಸರ್, ನೀವು ದಾರಿಯಲ್ಲಿ ಮೊಬೈಲ್ ಡೇಟಾದಲ್ಲಿ ನೋಡುವಾಗ ಇದೇ ನಿಮಗೆ ಬೇಕಾದ್ದು. 18 ಎಂಬಿ ಡಿಸೈನ್ ಇಳಿಸದೆ 'ಮುಹೂರ್ತ 9:15' ಅನ್ನುವ ಒಂದು ಸಾಲು ಓದಬಹುದು.

ನನಗೂ ಒಂದು ಅನುಮಾನ ಇದೆ. ಫೋನಿನ ಜಿಮೇಲ್ ಆಪ್ ಐಮ್ಯಾಪಾ?


ಸರ್ವರ್ ರೂಮ್ | ಸೋಮವಾರ, ಮಧ್ಯಾಹ್ನ 1:30

ಒಳ್ಳೇ ಪ್ರಶ್ನೆ. ಜಿಮೇಲ್ ಆಪ್‌ನಲ್ಲಿ ಜಿಮೇಲ್ ಖಾತೆಯನ್ನೇ ನೋಡಿದರೆ ಅದು ಗೂಗಲ್‌ನ ಸ್ವಂತ ದಾರಿ. ಅದೇ ಆಪ್‌ಗೆ ಹೊರಗಿನ ಖಾತೆ, ಅಂದರೆ ಪ್ರೆಸ್ ಅವರ ಡೊಮೇನ್ ಥರದ್ದು ಸೇರಿಸಿದರೆ ಸಾಮಾನ್ಯವಾಗಿ ಐಮ್ಯಾಪ್ ಬಳಸುತ್ತದೆ. ಥಂಡರ್‌ಬರ್ಡ್ ಅನ್ನುವ ಮೇಲ್ ಸಾಫ್ಟ್‌ವೇರಿನಲ್ಲಿ ಜಿಮೇಲ್ ನೋಡುತ್ತೀರಾದರೆ ಅದು ಸಾಮಾನ್ಯವಾಗಿ ಐಮ್ಯಾಪ್. ಅಲ್ಲಿ ಜಿಮೇಲ್‌ನ ಲೇಬಲ್‌ಗಳು ಫೋಲ್ಡರ್ ವೇಷದಲ್ಲಿ ಕಾಣುತ್ತವೆ. ಒಂದೇ ಮೇಲ್‌ಗೆ ಎರಡು ಲೇಬಲ್ ಇದ್ದರೆ ಎರಡು ಫೋಲ್ಡರಿನಲ್ಲೂ ಕಾಣುತ್ತದೆ. ಅದಕ್ಕೆ ಗಾಬರಿ ಬೇಡ.

ಆಡಿಟ್ ಅವರ ಮಾತಿಗೆ ಬರುತ್ತೇನೆ. ಸರ್, ನಿಮ್ಮ ಅನುಭವ ನಾನು ಒಪ್ಪುತ್ತೇನೆ. ಈ ಕೆಲಸದಲ್ಲಿ 20 ವರ್ಷ ಇದ್ದು ನಾನೂ ನೋಡಿದ್ದೇನೆ. ಐಮ್ಯಾಪ್ ಬ್ಯಾಕಪ್ ಅಲ್ಲ. ಇದನ್ನು ಎಲ್ಲರೂ ಬರೆದಿಟ್ಟುಕೊಳ್ಳಿ. ಅದು ಕನ್ನಡಿ. ಎದುರಿಗೆ ಇರುವುದು ಹೋದರೆ ಕನ್ನಡಿಯಲ್ಲೂ ಹೋಗುತ್ತದೆ.

ಆದರೆ ಪಾಪ್ ಕೂಡಾ ಬ್ಯಾಕಪ್ ಅಲ್ಲ, ಅಲ್ವಾ? ಪಾಪ್‌ನಲ್ಲಿ ಅಸಲು ಒಂದೇ ಹಾರ್ಡ್ ಡಿಸ್ಕಿನಲ್ಲಿ ಕುಳಿತಿರುತ್ತದೆ. ನನ್ನ ಹತ್ತಿರ ಅಳುತ್ತಾ ಬಂದವರಲ್ಲಿ ಸರ್ವರ್ ಕೈಕೊಟ್ಟವರಿಗಿಂತ ಡಿಸ್ಕ್ ಸತ್ತವರೇ ಜಾಸ್ತಿ. ಸಣ್ಣ ಅಂಗಡಿಗಳಲ್ಲಿ ಯುಪಿಎಸ್ ಬ್ಯಾಟರಿ ಹೋಗಿ ಎರಡು ವರ್ಷ ಆಗಿರುತ್ತದೆ. ಕರೆಂಟ್ ಹೋಗಿ ಬರುತ್ತದೆ, ಔಟ್‌ಲುಕ್ ಫೈಲ್ ಬರೆಯುತ್ತಿರುವಾಗಲೇ ಯಂತ್ರ ಆಫ್ ಆಗುತ್ತದೆ, ಫೈಲ್ ಕೆಡುತ್ತದೆ. ಪ್ರೆಸ್ ಸರ್, ನಿಮ್ಮ ಆ 9 ಜಿಬಿ ಫೈಲಿಗೆ ಇನ್ನೊಂದು ಪ್ರತಿ ಎಲ್ಲಾದರೂ ಇದೆಯಾ?


ಚಾಮರಾಜಪೇಟೆ ಪ್ರೆಸ್ | ಸೋಮವಾರ, ರಾತ್ರಿ 8:20

ಇಲ್ಲ ಸರ್. ನೀವು ಕೇಳಿದ ಮೇಲೆ ನೆನೆಸಿಕೊಂಡರೆ ಮೈ ಜುಂ ಅನ್ನುತ್ತದೆ. ಎಂಟು ವರ್ಷದ ಡಿಸೈನ್, ಬಿಲ್, ಶಾಲೆಯವರ ಆರ್ಡರ್, ಎಲ್ಲಾ ಅದೊಂದೇ ಕಡೆ. ಇವತ್ತೇ ಔಟ್‌ಲುಕ್ ಮುಚ್ಚಿ ಆ ಫೈಲನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿದೆ.

ಟಿಕ್ ಕೂಡಾ ಹಾಕಿದೆ. ಇವತ್ತಿನ ಮೇಲ್‌ಗಳು ಫೋನಿನಲ್ಲಿ ಉಳಿದಿವೆ, ತುಂಬಾ ಉಪಕಾರ. ಆದರೆ ಇನ್ನೂ ಮೂರು ತೊಂದರೆ. ಅಂಗಡಿಯಲ್ಲಿ ಓದಿದ ಮೇಲ್ ಫೋನಿನಲ್ಲಿ ಓದದ ಹಾಗೇ ದಪ್ಪಕ್ಷರದಲ್ಲಿ ಕಾಣುತ್ತದೆ. ಭಾವ ಕೊಟ್ಟ ಉತ್ತರ ನನಗೆ ಕಾಣುವುದಿಲ್ಲ, ಹಾಗಾಗಿ ಒಬ್ಬ ಗಿರಾಕಿಗೆ ಇಬ್ಬರೂ ಎರಡು ಬೇರೆ ರೇಟ್ ಹೇಳಿದ್ದೇವೆ. ಮೂರನೆಯದು, ಹೋಸ್ಟಿಂಗ್ ಪ್ಯಾನಲ್ ನೋಡಿದರೆ ನಮಗೆ ಕೊಟ್ಟಿರುವ ಜಾಗ 2 ಜಿಬಿ ಅಂತಿದೆ. ದಿನಾ 18 ಎಂಬಿ, 20 ಎಂಬಿ ಫೈಲ್ ಬಂದರೆ ಎಷ್ಟು ದಿನ?


ಸರ್ವರ್ ರೂಮ್ | ಸೋಮವಾರ, ರಾತ್ರಿ 9:45

ಮೊದಲ ಎರಡಕ್ಕೂ ಕಾರಣ ಒಂದೇ. ಪಾಪ್‌ಗೆ 'ಓದಿದೆ' ಅನ್ನುವ ಗುರುತೇ ಗೊತ್ತಿಲ್ಲ. ಉತ್ತರ ಕೊಟ್ಟದ್ದು, ನಕ್ಷತ್ರ ಹಾಕಿದ್ದು, ಯಾವುದೂ ಸರ್ವರಿಗೆ ತಿಳಿಯುವುದಿಲ್ಲ. ಯಾವ ಮೇಲ್ ಇಳಿಸಿಕೊಂಡೆ ಅಂತ ಔಟ್‌ಲುಕ್ ತನ್ನ ಹತ್ತಿರವೇ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಆ ಪಟ್ಟಿ ಹಾಳಾದರೆ ಉಳಿಸಿದ ಮೇಲ್‌ಗಳೆಲ್ಲ ಮತ್ತೊಮ್ಮೆ ಇಳಿದು ಎರಡೆರಡು ಆಗುತ್ತವೆ. ಟಿಕ್ ಹಾಕಿಕೊಂಡು ಪಾಪ್‌ನಲ್ಲೇ ಇರುತ್ತೇನೆ ಅನ್ನುವವರಿಗೆ ಒಂದಲ್ಲ ಒಂದು ದಿನ ಇದು ಆಗುತ್ತದೆ. ನಿಮಗೆ ಹೇಳಿದ ಟಿಕ್ ಕೂಡಾ ಗಾಯಕ್ಕೆ ತಾತ್ಕಾಲಿಕ ಬ್ಯಾಂಡೇಜ್ ಕಟ್ಟಿದ ಹಾಗೆ ಮಾತ್ರ.

ಕಳಿಸುವ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಮೇಲ್ ಕಳಿಸುವ ಕೆಲಸ ಪಾಪ್‌ನದೂ ಅಲ್ಲ, ಐಮ್ಯಾಪ್‌ನದೂ ಅಲ್ಲ. ಅದು ಎಸ್‌ಎಂಟಿಪಿ ಅನ್ನುವ ಬೇರೆಯೇ ವಿಧಾನದ್ದು. ಪಾಪ್ ಇದ್ದರೆ ಕಳಿಸಿದ ಮೇಲ್‌ನ ಪ್ರತಿ ಕಳಿಸಿದ ಯಂತ್ರದಲ್ಲೇ ಉಳಿಯುತ್ತದೆ. ಅದಕ್ಕೇ ಭಾವ ಹೇಳಿದ ರೇಟ್ ನಿಮಗೆ ಕಾಣಲಿಲ್ಲ. ಐಮ್ಯಾಪ್‌ನಲ್ಲಿ ಮೇಲ್ ಕಳಿಸಿದ ಮೇಲೆ ಅದರ ಪ್ರತಿಯನ್ನು ಸರ್ವರಿನ 'ಸೆಂಟ್' ಫೋಲ್ಡರಿಗೆ ಹಾಕುತ್ತಾರೆ. ನಿಮ್ಮಂಥ ದೊಡ್ಡ ಫೈಲಿನವರಿಗೆ ಇದರ ಬಿಸಿ ತಟ್ಟುತ್ತದೆ: ಒಂದು ಸಲ ಗಿರಾಕಿಗೆ, ಇನ್ನೊಂದು ಸಲ ಸೆಂಟ್ ಫೋಲ್ಡರಿಗೆ, ಎರಡು ಸಲ ಮೇಲಕ್ಕೆ ಹೋಗಬೇಕು. ಅದೂ ಅಲ್ಲದೆ ಮೇಲ್‌ನಲ್ಲಿ ಫೈಲ್ ಹೋಗುವಾಗ ಮೂರನೇ ಒಂದು ಪಾಲು ಊದಿಕೊಳ್ಳುತ್ತದೆ. 18 ಎಂಬಿ ಫೈಲ್ ಸರ್ವರಿನಲ್ಲಿ ಸುಮಾರು 24 ಎಂಬಿ ತಿನ್ನುತ್ತದೆ. ಹಾಗಾಗಿ 2 ಜಿಬಿ ನಿಮಗೆ ಸಾಲುವುದಿಲ್ಲ. ಹೆಚ್ಚಿನ ಜಾಗ ತೆಗೆದುಕೊಳ್ಳಿ. ಇದರಲ್ಲಿ ಉಳಿತಾಯ ನೋಡಬೇಡಿ.

ಇನ್ನೊಂದು ಕೆಲಸ ಮಾಡಿ. ಬ್ರೌಸರಿನಲ್ಲಿ ವೆಬ್‌ಮೇಲ್ ತೆರೆದು ಇನ್‌ಬಾಕ್ಸ್ ಬಿಟ್ಟು ಬೇರೆ ಫೋಲ್ಡರ್‌ಗಳಲ್ಲಿ ಏನಿದೆ ನೋಡಿ. ಪಾಪ್‌ಗೆ ಕಾಣುವುದು ಇನ್‌ಬಾಕ್ಸ್ ಒಂದೇ. ಸರ್ವರ್ ಏನನ್ನಾದರೂ ಸ್ಪ್ಯಾಮ್‌ಗೆ ಹಾಕಿದ್ದರೆ ನಿಮ್ಮ ಔಟ್‌ಲುಕ್‌ಗೆ ಅದು ಬಂದೇ ಇರುವುದಿಲ್ಲ.


ಚಾಮರಾಜಪೇಟೆ ಪ್ರೆಸ್ | ಸೋಮವಾರ, ರಾತ್ರಿ 10:50

ನೋಡಿದೆ ಸರ್. ಸ್ಪ್ಯಾಮ್ ಫೋಲ್ಡರಿನಲ್ಲಿ ನೂರಾರು ಮೇಲ್ ಇವೆ. ಹೆಚ್ಚಿನವು ಕಸ. ಆದರೆ ಕೆದಕುತ್ತಾ ಹೋದರೆ ತುಮಕೂರು ಕಡೆಯ ಶಾಲೆಯೊಂದು ಹೋದ ಮೇ ತಿಂಗಳಲ್ಲಿ 1,200 ಡೈರಿಗೆ ಕೊಟೇಶನ್ ಕೇಳಿದೆ. ಎರಡು ಸಲ ಕೇಳಿದ್ದಾರೆ. ಎರಡನೇ ಸಲ 'ಉತ್ತರ ಬಂದಿಲ್ಲ, ಬೇರೆಯವರಿಗೆ ಕೊಡುತ್ತಿದ್ದೇವೆ' ಅಂತ ಬರೆದಿದ್ದಾರೆ. ಭಾವನಿಗೆ ಓದಿ ಹೇಳಿದೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾಳೆ ಆ ಶಾಲೆಗೆ ಫೋನ್ ಮಾಡಿ ಕ್ಷಮೆ ಕೇಳುತ್ತೇನೆ.

ಐಮ್ಯಾಪ್ ಮಾಡಿಯೇ ಬಿಡೋಣ. ಹೇಗೆ ಅಂತ ಹೇಳಿ.


ಸರ್ವರ್ ರೂಮ್ | ಮಂಗಳವಾರ, ಬೆಳಗ್ಗೆ 7:30

ಫೈಲಿನ ಪ್ರತಿ ಆಗಿದೆ, ಅದೇ ದೊಡ್ಡ ಕೆಲಸ. ಔಟ್‌ಲುಕ್‌ನಲ್ಲಿ ಪಾಪ್ ಖಾತೆಯನ್ನೇ ಐಮ್ಯಾಪ್ ಆಗಿ ತಿರುಗಿಸಲು ಬರುವುದಿಲ್ಲ. ಅದೇ ಐಡಿಯನ್ನು ಐಮ್ಯಾಪ್ ಅಂತ ಹೊಸದಾಗಿ ಸೇರಿಸಬೇಕು. ಪೋರ್ಟ್ (ಸರ್ವರಿನ ಬಾಗಿಲಿನ ಸಂಖ್ಯೆ ಅಂದುಕೊಳ್ಳಿ) 993 ಹಾಕಿ, ಕಳಿಸಲು 465 ಅಥವಾ 587, ಯಾವುದು ಅಂತ ಹೋಸ್ಟಿಂಗ್‌ನವರು ಕೊಟ್ಟ ಪತ್ರದಲ್ಲಿ ಇರುತ್ತದೆ. 143 ಮತ್ತು 110 ಹಳೇ ಪೋರ್ಟ್‌ಗಳು. ಅಲ್ಲಿ ಎನ್‌ಕ್ರಿಪ್ಶನ್ (ಗುಪ್ತಲಿಪಿ) ಆನ್ ಆಗದಿದ್ದರೆ ಪಾಸ್‌ವರ್ಡ್ ಬರಿಗಣ್ಣಿಗೆ ಕಾಣುವ ಹಾಗೆ ಹೋಗುತ್ತದೆ. ಎಂಟು ವರ್ಷದ ಹಿಂದೆ ಸೆಟ್ ಮಾಡಿದ್ದು ಅಂದಿರಿ, ನಿಮ್ಮ ಪಾಪ್ 110ರಲ್ಲೇ ಓಡುತ್ತಿದ್ದರೂ ಇರಬಹುದು, ನೋಡಿ. ಹಾಗಿದ್ದರೆ ಪಾಸ್‌ವರ್ಡ್ ಕೂಡಾ ಬದಲಾಯಿಸಿ.

ಈಗ ಎಡಗಡೆ ಎರಡು ಪೆಟ್ಟಿಗೆ ಕಾಣುತ್ತವೆ. ಹಳೇ ಪಾಪ್ ಖಾತೆಯಲ್ಲಿ ತಾನಾಗಿ ಮೇಲ್ ಎಳೆಯುವುದನ್ನು ನಿಲ್ಲಿಸಿ. ಹೊಸ ಐಮ್ಯಾಪ್ ಪೆಟ್ಟಿಗೆಯಲ್ಲಿ ವರ್ಷಕ್ಕೊಂದು ಫೋಲ್ಡರ್ ಮಾಡಿ. ಹಳೇ ಕಡೆಯಿಂದ ಮೇಲ್‌ಗಳನ್ನು ಆರಿಸಿ ಹೊಸ ಫೋಲ್ಡರಿಗೆ ಕಾಪಿ ಮಾಡಿ. ಮೂವ್ ಬೇಡ, ಕಾಪಿ. ಒಂದೇ ಸಲಕ್ಕೆ ಸಾವಿರ ಎತ್ತಬೇಡಿ, ಇನ್ನೂರು ಇನ್ನೂರು ಮಾಡಿ. ಆ ಮೇಲ್‌ಗಳು ಸರ್ವರಿಗೆ ಹತ್ತುತ್ತವೆ. ಒಂದೊಂದು ಕಂತು ಆದಮೇಲೆ ವೆಬ್‌ಮೇಲ್‌ನಲ್ಲಿ ಲೆಕ್ಕ ಸರಿ ಇದೆಯಾ, ಹಳೇ ದಿನಾಂಕ ಹಾಗೇ ಇದೆಯಾ ನೋಡಿಕೊಳ್ಳಿ. ಎಂಟು ವರ್ಷದ್ದೂ ಏರಿಸಬೇಕಿಲ್ಲ. ಕೊನೆಯ ಎರಡು ವರ್ಷ ಸಾಕು. ಮಿಕ್ಕದ್ದು ಆ ಹಳೇ ಫೈಲಿನಲ್ಲೇ ಇರಲಿ, ಬೇಕಾದಾಗ ಔಟ್‌ಲುಕ್‌ನಲ್ಲೇ ತೆರೆದು ಹುಡುಕಬಹುದು.


ಮಲ್ಲೇಶ್ವರ ಎಂಟನೇ ಕ್ರಾಸ್ | ಮಂಗಳವಾರ, ಬೆಳಗ್ಗೆ 10:05

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಫೋಲ್ಡರ್ ಮಾತು ಬಂದದ್ದಕ್ಕೆ ನೆನಪಾಯಿತು. ನಾನು ಫೋನಿನಲ್ಲಿ 'ಬಿಲ್', 'ಮನೆ', 'ಬ್ಯಾಂಕ್' ಅಂತ ಕನ್ನಡದಲ್ಲೇ ಫೋಲ್ಡರ್ ಮಾಡಿಕೊಂಡಿದ್ದೇನೆ. ಫೋನಿನಲ್ಲಿ ಚೆನ್ನಾಗಿ ಕಾಣುತ್ತದೆ. ಆಫೀಸಿನ ಒಂದು ಹಳೇ ಸಾಫ್ಟ್‌ವೇರಿನಲ್ಲಿ ಮಾತ್ರ & ಗುರುತಿನಿಂದ ಶುರುವಾಗುವ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ. ಏನಾದರೂ ಹಾಳಾಗಿದೆಯಾ?


ಸರ್ವರ್ ರೂಮ್ | ಮಂಗಳವಾರ, ಬೆಳಗ್ಗೆ 10:40

ಏನೂ ಹಾಳಾಗಿಲ್ಲ ಮೇಡಂ. ಐಮ್ಯಾಪ್ ಹುಟ್ಟಿದಾಗ ಫೋಲ್ಡರ್ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕಿತ್ತು. ಆಮೇಲೆ ಬೇರೆ ಲಿಪಿಗಳಿಗಾಗಿ ಯುಟಿಎಫ್-7 ಅನ್ನುವ, ಅಕ್ಷರ ಬರೆದಿಡುವ ವಿಧಾನದ ಒಂದು ಬದಲಾಯಿಸಿದ ರೂಪ ತಂದರು. ಕನ್ನಡದ ಹೆಸರನ್ನು & ಮತ್ತು ಅಡ್ಡಗೀಟಿನ ನಡುವೆ ಇಂಗ್ಲಿಷ್ ಅಕ್ಷರಗಳಾಗಿ ಕಟ್ಟಿ ಇಡುತ್ತಾರೆ. ಒಳ್ಳೇ ಸಾಫ್ಟ್‌ವೇರ್ ಆ ಕಟ್ಟು ಬಿಚ್ಚಿ ಕನ್ನಡ ತೋರಿಸುತ್ತದೆ. ನಿಮ್ಮ ಆಫೀಸಿನದು ಬಿಚ್ಚುತ್ತಿಲ್ಲ, ಕಟ್ಟನ್ನೇ ತೋರಿಸುತ್ತಿದೆ. 2021ರಲ್ಲಿ ಬಂದ ಐಮ್ಯಾಪ್‌ನ ಹೊಸ ಆವೃತ್ತಿಯಲ್ಲಿ ನೇರವಾಗಿ ಯುಟಿಎಫ್-8 ಬಳಸಬಹುದು, ಅಂದರೆ ಹೀಗೆ ಕಟ್ಟದೆ ಕನ್ನಡದಲ್ಲೇ ಇಡಬಹುದು. ದಯವಿಟ್ಟು ಕನ್ನಡದ ಹೆಸರು ಬದಲಾಯಿಸಬೇಡಿ. ಬದಲಾಗಬೇಕಾದ್ದು ಆ ಸಾಫ್ಟ್‌ವೇರ್.


ಯಲಹಂಕ ಕ್ಯಾಂಪಸ್ | ಮಂಗಳವಾರ, ಸಂಜೆ 5:15

ಈ ವಿಷಯ ನಮ್ಮ ಲ್ಯಾಬ್‌ನಲ್ಲಿ ಯಾರೂ ಹೇಳಿರಲಿಲ್ಲ ಸರ್, ಖುಷಿಯಾಯಿತು. ಇನ್ನೊಂದು ಕೇಳುತ್ತೇನೆ. ಐಮ್ಯಾಪ್‌ನಲ್ಲಿ ಮೇಲ್ ಬಂದ ತಕ್ಷಣ ಫೋನಿಗೆ ಹೇಗೆ ಗೊತ್ತಾಗುತ್ತದೆ? ಪಾಪ್‌ನ ಹಾಗೆ ಹತ್ತು ನಿಮಿಷಕ್ಕೊಮ್ಮೆ ಕೇಳುತ್ತದಾ?


ಸರ್ವರ್ ರೂಮ್ | ಮಂಗಳವಾರ, ರಾತ್ರಿ 9:10

ಪಾಪ್‌ನಲ್ಲಿ ಕೇಳದೆ ಗತಿಯಿಲ್ಲ. ಸರ್ವರ್ ತಾನಾಗಿ ಬಾಯಿ ಬಿಡುವುದಿಲ್ಲ. ಅದೂ ಅಲ್ಲದೆ ಒಬ್ಬರು ಒಳಗೆ ಹೋದರೆ ಪೆಟ್ಟಿಗೆಗೆ ಬೀಗ ಬೀಳುತ್ತದೆ. ಅವರು ಹೊರಗೆ ಬರುವವರೆಗೆ ಇನ್ನೊಬ್ಬರಿಗೆ ಪ್ರವೇಶ ಇಲ್ಲ. ಎರಡು ಕಂಪ್ಯೂಟರಿನಲ್ಲಿ ಪಾಪ್ ಹಾಕಿದವರಿಗೆ ಆಗಾಗ ಎರರ್ ಬರುವುದು ಇದಕ್ಕೇ.

ಐಮ್ಯಾಪ್‌ನಲ್ಲಿ 'ಐಡಲ್' ಅಂತ 1997ರಲ್ಲಿ ಸೇರಿಸಿದರು. ಫೋನ್ ಸರ್ವರಿಗೆ 'ನಾನು ಇಲ್ಲೇ ಇದ್ದೇನೆ, ಏನಾದರೂ ಬಂದರೆ ಹೇಳು' ಅಂದು ಲೈನ್ ಹಿಡಿದುಕೊಂಡೇ ಸುಮ್ನೆ ಕೂರುತ್ತದೆ. ಮೇಲ್ ಬಂದರೆ ಸರ್ವರ್ ಹೇಳುತ್ತದೆ. ಅರ್ಧ ಗಂಟೆ ಮಾತಿಲ್ಲದಿದ್ದರೆ ಸರ್ವರ್ ಲೈನ್ ಕಡಿಯಬಹುದು, ಹಾಗಾಗಿ 29 ನಿಮಿಷದೊಳಗೆ ಮತ್ತೊಮ್ಮೆ ಹೇಳಿಕೊಳ್ಳಬೇಕು. ಒಂದು ಎಚ್ಚರಿಕೆ: ಐಡಲ್ ನೋಡುವುದು ತೆರೆದಿರುವ ಒಂದು ಫೋಲ್ಡರನ್ನು ಮಾತ್ರ. ಕರೆಕ್ಷನ್ ಮೇಲ್‌ಗಳು ತಾವಾಗಿ ಬೇರೆ ಫೋಲ್ಡರಿಗೆ ಹೋಗಲಿ ಅಂತ ಸರ್ವರಿನಲ್ಲಿ ನಿಯಮ ಹಾಕಿದರೆ ಟಿಂಗ್ ಬರದೇ ಇರಬಹುದು. ಪ್ರೆಸ್ ಸರ್, ನೀವು ಅಂಥಾ ನಿಯಮ ಹಾಕಬೇಡಿ. ಎಲ್ಲಾ ಇನ್‌ಬಾಕ್ಸ್‌ಗೇ ಬರಲಿ.


ರಾಜಾಜಿನಗರ ಆಡಿಟ್ | ಬುಧವಾರ, ಬೆಳಗ್ಗೆ 9:00

ಎಲ್ಲಾ ಓದಿದೆ. ನಾನು ಪಾಪ್ ಬಿಡುವುದಿಲ್ಲ, ಆದರೆ ಅದರ ಜಾಗ ಬದಲಾಯಿಸಿದ್ದೇನೆ. ನಿನ್ನೆ ಆಫೀಸಿನ ಎಲ್ಲರ ಯಂತ್ರಕ್ಕೂ ಐಮ್ಯಾಪ್ ಹಾಕಿಸಿದೆ. ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇತ್ತು. ಅದರಲ್ಲಿ ಥಂಡರ್‌ಬರ್ಡ್ ಹಾಕಿ ಪಾಪ್‌ನಲ್ಲಿ, ಸರ್ವರಿನಲ್ಲಿ ಪ್ರತಿ ಉಳಿಸು ಅಂತ ಟಿಕ್ ಮಾಡಿ ಬಿಟ್ಟಿದ್ದೇನೆ. ಅದು ಬಂದ ಮೇಲ್ ಎಲ್ಲಾ ಇಳಿಸಿಕೊಳ್ಳುತ್ತದೆ, ಏನನ್ನೂ ಅಳಿಸುವುದಿಲ್ಲ. ಯಾರಾದರೂ ಸರ್ವರಿನಲ್ಲಿ ಅಳಿಸಿದರೂ ಆ ಹಳೇ ಕಂಪ್ಯೂಟರಿನಲ್ಲಿ ಇರುತ್ತದೆ. ಪ್ರೆಸ್ ಅವರೂ ಹೀಗೆ ಮಾಡಬಹುದು.


ಸರ್ವರ್ ರೂಮ್ | ಬುಧವಾರ, ಬೆಳಗ್ಗೆ 9:35

ತುಂಬಾ ಒಳ್ಳೇ ಏರ್ಪಾಡು ಸರ್. ಒಂದು ಕೊರತೆ ಮಾತ್ರ ನೆನಪಿರಲಿ: ಪಾಪ್ ಇನ್‌ಬಾಕ್ಸ್ ಮಾತ್ರ ನೋಡುತ್ತದೆ. ನೀವು ಕಳಿಸಿದ ಮೇಲ್ ಅದರಲ್ಲಿ ಇರುವುದಿಲ್ಲ. ಆ ಯಂತ್ರ ನೋಡುವ ಮೊದಲೇ ಯಾರಾದರೂ ಇನ್‌ಬಾಕ್ಸ್‌ನಿಂದ ಬೇರೆ ಫೋಲ್ಡರಿಗೆ ಸರಿಸಿದರೆ ಅದೂ ತಪ್ಪಿಹೋಗುತ್ತದೆ. ಸೆಂಟ್ ಫೋಲ್ಡರನ್ನು ತಿಂಗಳಿಗೊಮ್ಮೆ ಐಮ್ಯಾಪ್ ಕಡೆಯಿಂದ ಕಂಪ್ಯೂಟರಿನ ಲೋಕಲ್ ಫೋಲ್ಡರಿಗೆ ಕಾಪಿ ಮಾಡಿಡಿ.


ಚಾಮರಾಜಪೇಟೆ ಪ್ರೆಸ್ | ಮುಂದಿನ ಭಾನುವಾರ, ರಾತ್ರಿ 9:20

ಒಂದು ವಾರ ಆಯಿತು, ಏನಾಯಿತು ಅಂತ ಹೇಳಬೇಕು ಅನ್ನಿಸಿತು.

ಜಾಗ 10 ಜಿಬಿಗೆ ಹೆಚ್ಚಿಸಿಕೊಂಡೆವು. ಎರಡು ವರ್ಷದ ಮೇಲ್ ಏರಿಸಲು ಮೂರು ರಾತ್ರಿ ಹಿಡಿಯಿತು. ಪೋರ್ಟ್ ನೋಡಿದೆ ಸರ್, ನೀವು ಅಂದ ಹಾಗೆ 110ರಲ್ಲೇ ಇತ್ತು. ಪಾಸ್‌ವರ್ಡ್ ಬದಲಾಯಿಸಿದೆ. ಅಂಗಡಿ, ನನ್ನ ಫೋನ್, ಭಾವನ ಫೋನ್, ಮೂರೂ ಈಗ ಒಂದೇ ಥರ ಇವೆ. ಹಳೇ ಲ್ಯಾಪ್‌ಟಾಪ್‌ಗೆ ಆಡಿಟ್ ಸರ್ ಹೇಳಿದ ಹಾಗೆ ಪಾಪ್ ಹಾಕಿದ್ದೇನೆ.

ಮೊನ್ನೆ ಒಂದು ಗಾಬರಿ ಆಯಿತು. ಭಾವ ಫೋನಿನಲ್ಲಿ ಜಾಗ ಮಾಡಿಕೊಳ್ಳೋಣ ಅಂತ ನಲವತ್ತು ಮೇಲ್ ಅಳಿಸಿದರು. ಅಂಗಡಿ ಕಂಪ್ಯೂಟರಿನಲ್ಲೂ ನಲವತ್ತು ಹೋಯಿತು. ಟ್ರ್ಯಾಶ್ ಫೋಲ್ಡರಿನಲ್ಲಿ ಸಿಕ್ಕವು, ವಾಪಸ್ ತಂದೆವು. ಫೋನಿನಲ್ಲಿ ಯಾರೂ ಅಳಿಸಬಾರದು ಅಂತ ಈಗ ಇಬ್ಬರೂ ಮಾತಾಡಿಕೊಂಡಿದ್ದೇವೆ.

ತುಮಕೂರಿನ ಶಾಲೆಯವರು ಈ ವರ್ಷದ ಡೈರಿ ಬೇರೆಯವರಿಗೆ ಕೊಟ್ಟಾಗಿದೆ. ಫೋನ್ ಮಾಡಿ ಕ್ಷಮೆ ಕೇಳಿದ್ದಕ್ಕೆ ಮಕ್ಕಳ ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆ ಕೊಟ್ಟಿದ್ದಾರೆ, 600. ನಿನ್ನೆ ಸುಲ್ತಾನ್‌ಪೇಟೆಯಲ್ಲಿ ಕಾರ್ಡ್ ಆರಿಸುತ್ತಾ ನಿಂತಿದ್ದಾಗ ಅವರ ಮೇಲ್ ಬಂತು, ಅತಿಥಿಯ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದೆ ಅಂತ. ಅಲ್ಲೇ ಓದಿದೆ. ಭಾವನಿಗೆ ಫೋನ್ ಮಾಡಿದರೆ, 'ನೋಡಿದೆ, ಪ್ಲೇಟ್ ನಿಲ್ಲಿಸಿದ್ದೇನೆ' ಅಂದರು.